ತಂಬಿಗೆಯ ಮೇಲಿನ ಎರಡಕ್ಷರ

ಮನೆಗೆ ಬಂದವರು ನೀರು ಕುಡಿದು, ತಂಬಿಗೆಯನ್ನು ಕೆಳಗಿಡುವ ಬದಲು ಬೋರಲು ಮಾಡಿ ಅದರ ತಳ ನೋಡತೊಡಗಿದರೆ ನನಗೆ ಅನುಮಾನ ಬರುತ್ತದೆ. ಒಂದೋ ಅವರು ಹಿತ್ತಾಳೆಯ ವ್ಯಾಪಾರಿಗಳು, ಇಲ್ಲವೇ ಕಳೆದುಹೋದ ತಮ್ಮ ಪಾತ್ರೆಯನ್ನು ಹುಡುಕುತ್ತ ಬಂದವರು. ಮೂರನೆಯ ಬಗೆಯವರೂ ಇದ್ದಾರೆಂದು ತಿಳಿದದ್ದು, ಪುಣೆಯಲ್ಲಿ ವಸ್ತುಸಂಗ್ರಹಾಲಯ ಶಾಸ್ತ್ರದ ಎಂ.ಎ. ಓದುತ್ತಿರುವ ನನ್ನ ತಮ್ಮನ ಮಗಳು ಸಾಯಲಿ ರಜೆಗೆಂದು ಸಾಂಗ್ಲಿಯ ನನ್ನ ಮನೆಗೆ ಬಂದಾಗ.

ಆ ಶಾಸ್ತ್ರದ ಮೇಲೆಯೇ ನನಗೆ ಸಂಶಯ. ಹಳೆಯ ಸಾಮಾನು ಒರೆಸಿಡಲು ಸ್ನಾತಕೋತ್ತರ ಪದವಿ ಬೇಕೆಂದರೆ ನಮ್ಮವ್ವನಿಗೆ ಎಷ್ಟು ಡಾಕ್ಟರೇಟು ಕೊಡಬೇಕಿತ್ತು! ಇನ್ನು ನನ್ನ ಮನೆಯಲ್ಲಿ ಸಂಗ್ರಹವೇನೋ ಇದೆ, ಆದರೆ ಒಮ್ಮೆ ಇಟ್ಟದ್ದು ಮತ್ತೆ ಕೈಗೆ ಸಿಕ್ಕುವುದಿಲ್ಲವಾದ್ದರಿಂದ ಅದನ್ನು ಸಂಗ್ರಹಾಲಯ ಎನ್ನುವುದಕ್ಕಿಂತ ಸಂಗ್ರಹ-ಲಯ ಎನ್ನುವುದೇ ಸರಿ. ಅಷ್ಟಕ್ಕೂ ಏನನ್ನು ಉಳಿಸಬೇಕು, ಏನನ್ನು ಕೊಚ್ಚಿಕೊಂಡು ಹೋಗಬೇಕು ಎಂಬುದನ್ನು ನಮ್ಮ ಊರಲ್ಲಿ ಮಹಾಪೂರ ಬಂದಾಗಲೆಲ್ಲ ಕೃಷ್ಣೆಯೇ ತೀರ್ಮಾನಿಸುತ್ತಾಳೆ. ಹರಿಪುರದ ನನ್ನ ತವರುಮನೆಯಿಂದ ಅವಳು ಎರಡು ಕಪಾಟು ಒಯ್ದು ಈ ತಂಬಿಗೆಯೊಂದನ್ನು ಕೆಸರಿನಲ್ಲಿ ಬಿಟ್ಟುಹೋಗಿದ್ದಳು. ಅದರ ಮೈಮೇಲೆ ಚುಕ್ಕಿ ಚುಕ್ಕಿಯಾಗಿ ಎರಡಕ್ಷರ ಕೊರೆದಿದೆ.

"ಆತ್ಯಾ, ಇದು ಕನ್ನಡ ಹೌದಲ್ರಿ?" ಎಂದಳು ಸಾಯಲಿ. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತದೆ, ಅರ್ಧ ಆಡಲು ಬರುತ್ತದೆ, ಓದುವುದಂತೂ ಗಡಿಯಾಚೆಯ ಬಸ್ಸಿನ ಬೋರ್ಡುಗಳಷ್ಟೇ.

"ಅಂಗಡಿಯವನ ಗುರ್ತ ಇರಬೇಕು, ಬಿಡವಾ" ಎಂದೆ.

"ಸಾ... ಕು..." ಎಂದು ಅವಳು ಬೆರಳಿಟ್ಟು ಓದಿಯೇಬಿಟ್ಟಳು. ನಾನು ತಂಬಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡು ಒಳಗಿಟ್ಟುಬಂದೆ.

ಓದುಗರೇ, ನಿಮ್ಮೊಬ್ಬರಿಗೇ ಹೇಳುತ್ತೇನೆ, ಅದು ನನ್ನ ಹೆಸರು. ಮೂರು ಹೆಣ್ಣಿನ ಮೇಲೆ ನಾಲ್ಕನೆಯವಳಾಗಿ ನಾನು ಹುಟ್ಟಿದಾಗ ಮನೆಯವರು ಸೇರಿ 'ಸಾಕು' ಎಂದು ಹೆಸರಿಟ್ಟರು. ಹಾಗೆ ಕರೆಯುತ್ತಿದ್ದರೆ ದೇವರು ಕೇಳಿಸಿಕೊಂಡು ಹೆಣ್ಣು ಕಳಿಸುವುದನ್ನು ನಿಲ್ಲಿಸುತ್ತಾನಂತೆ. ದೇವರಿಗೆ ಕನ್ನಡ ಬರುತ್ತದೆಂಬುದಕ್ಕೆ ಮುಂದೆ ಹುಟ್ಟಿದ ನನ್ನ ತಮ್ಮನೇ ಸಾಕ್ಷಿ. ಸೋದರಮಾವ ತೊಟ್ಟಿಲಿಗೆ ತಂದ ತಂಬಿಗೆಯ ಮೇಲೂ ಅದನ್ನೇ ಕೊರೆಸಿದ. ಪುಣ್ಯಕ್ಕೆ, ಮರಾಠಿ ಶಾಲೆಗೆ ಸೇರಿಸಿದಾಗ ಅಲ್ಲಿಯ ಗುರುಜಿ ಇದು ಹಳ್ಳಿಯವರ ತಪ್ಪು ಉಚ್ಚಾರವೆಂದು ಭಾವಿಸಿ 'ಸಖೂ' ಎಂದು ತಿದ್ದಿದರು. ಸಾಕಾದವಳು ಒಂದು ಮಹಾಪ್ರಾಣದ ಕೃಪೆಯಿಂದ ಸಖಿಯಾದೆ. ಅದೇ ಹೆಸರಿನಲ್ಲಿ ಮಿರಜಿನ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದೆ. ಬೇಡದ ಮಗಳೆಂದು ಊರಿಗೆಲ್ಲ ತಿಳಿಯುವುದು ಈ ವಯಸ್ಸಿನಲ್ಲೂ ನನಗೆ ಬೇಡವಾಗಿತ್ತು, ಅಷ್ಟೇ.

ಅಂಥದ್ದರಲ್ಲಿ ಈ ಹುಡುಗಿ, ಮಿರಜಿನಲ್ಲಿಯೇ, ತನ್ನ ಓದಿನ ಅಂಗವಾಗಿ ಮನೆಬಳಕೆಯ ವಸ್ತುಗಳ ಪ್ರದರ್ಶನ ಮಾಡುವವಳಿದ್ದಳು! "ಒಂದ ತಿಂಗಳ ಕೊಡ್ರಿ ಆತ್ಯಾ, ನಾ ಸಂಭಾಳಸ್ತೇನಿ" ಎಂದಳು. ಅಂಗಳಕ್ಕೆ ಹೋಗಿ ಅಪ್ಪನೊಡನೆ ಫೋನಿನಲ್ಲಿ ಮೆಲ್ಲಗೆ ಮಾತಾಡಿದಳು. ನನ್ನನ್ನು ಕಂಡು ಮಾತು ಬೇರೆ ಕಡೆಗೆ ತಿರುಗಿಸಿದಳು. ತರ್ಕಶಾಸ್ತ್ರದಲ್ಲಿ ಅನುಮಾನವೂ ಒಂದು ಪ್ರಮಾಣವಂತೆ; ಆ ಲೆಕ್ಕದಲ್ಲಿ ನನ್ನ ಬಳಿ ಪ್ರಮಾಣಗಳ ರಾಶಿಯೇ ಇತ್ತು. ಆದರೂ ಕೊಟ್ಟೆ. ಕೊಡದಿದ್ದರೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತಿತ್ತು.

ಪ್ರದರ್ಶನದ ದಿನ ಮಿರಜಿನ ಬಸ್ಸು ಹತ್ತುವಾಗ, ಅದು ನಡುದಾರಿಯಲ್ಲಿ ಕೆಟ್ಟು ನಿಲ್ಲಲಿ ಎಂದು ಹಾರೈಸಿದೆ. ಎಂದೂ ಸರಿಯಾಗಿ ಓಡದ ಬಸ್ಸು ಅಂದು ಹೊತ್ತಿಗೆ ಮೊದಲೇ ಮುಟ್ಟಿತು. ಸಭಾಂಗಣದಲ್ಲಿ ನನ್ನ ಹಳೆಯ ಸಹೋದ್ಯೋಗಿ ಬಾಯಿಯರೆಲ್ಲ, ಅಂದರೆ ಶಾಲೆಯ ಶಿಕ್ಷಕಿಯರೆಲ್ಲ, ನನ್ನ ತಂಬಿಗೆಯ ಮುಂದೆಯೇ ಗುಂಪುಗೂಡಿದ್ದರು. ಕನ್ನಡಕ ಸರಿಮಾಡಿಕೊಂಡು, ಪಕ್ಕದಲ್ಲಿಟ್ಟ ವಿವರಣೆಯ ಚೀಟಿ ಓದಿದೆ. ಮರಾಠಿಯಲ್ಲೂ ಕನ್ನಡದಲ್ಲೂ ಹೀಗಿತ್ತು: 'ಸಾಕು: ಕನ್ನಡದಲ್ಲಿ, ಪ್ರೀತಿಯಿಂದ ಬೆಳೆಸು, ಸಂಭಾಳಿಸು. ತೊಟ್ಟಿಲ ಕೂಸಿಗಾಗಿ ಸೋದರಮಾವನು ಮನೆಯವರಿಗೆ ಕೊರೆಸಿಕೊಟ್ಟ ಮಾತು.'

ತಂಬಿಗೆ ನಮ್ಮ ಮನೆಯದೆಂದು ಸಾಯಲಿಯಿಂದ ತಿಳಿದಿದ್ದ ಬಾಯಿಯರು, ಎಂಥ ಮಾವನಪ್ಪಾ ಎಂದು ನನ್ನ ಕೈ ಹಿಡಿದು ಕೊಂಡಾಡಿದರು. ನಾನು ಚೀಟಿಯನ್ನು ಇನ್ನೊಮ್ಮೆ ಓದಿದೆ. ವ್ಯಾಕರಣದ ಪ್ರಕಾರ ಚೀಟಿಯಲ್ಲಿ ಒಂದಕ್ಷರ ಸುಳ್ಳಿಲ್ಲ; ನಾಯಿ ಸಾಕು, ಮಗು ಸಾಕು ಎಂದು ನಾವೇ ಆಡುತ್ತೇವಲ್ಲ. ಆದರೆ ಇಷ್ಟು ವರ್ಷ ಆ ಹೆಸರನ್ನು ಹೊತ್ತ ನನಗೇ ಹೊಳೆಯದ ಅರ್ಥ ಅರ್ಧ ಕನ್ನಡದ ಈ ಹುಡುಗಿಗೆ ಹೊಳೆದದ್ದು ಹೇಗೆ? ಅಜ್ಞಾನವೇ? ಹಾಗಿದ್ದರೆ ಅಂಥ ಅಜ್ಞಾನಕ್ಕೆ ಪದವಿ ಕೊಡಬೇಕು. ಅಥವಾ ಎಲ್ಲ ತಿಳಿದೂ ಬರೆದಳೇ? ತೊಟ್ಟಿಲಿನ, ಮಾವನ ವಿಷಯವನ್ನು ನಾನಂತೂ ಅವಳಿಗೆ ಹೇಳಿರಲಿಲ್ಲ. ತಮ್ಮನನ್ನು ಕೇಳಿದರೆ, "ನನಗೇನ ಗೊತ್ತಕ್ಕಾ? ಬರದಾಕಿನ್ನ ಕೇಳ" ಎಂದು ಜಾರಿಕೊಂಡ. ಅಂದಿನಿಂದ ಯಾವ ಸಂಗ್ರಹಾಲಯದ ಚೀಟಿಯನ್ನೂ ನಾನು ಪೂರ್ತಿ ನಂಬಿಲ್ಲ.

ತಿಂಗಳು ಕಳೆದ ಮೇಲೆ ಸಾಯಲಿ ತಂಬಿಗೆಯನ್ನು ತಾನೇ ಹೊತ್ತು ತಂದಳು. ಊಟಕ್ಕೆ ಕೂತಾಗ ಅದರಲ್ಲಿಯೇ ಮಜ್ಜಿಗೆ ತುಂಬಿ ನನ್ನ ಲೋಟಕ್ಕೆ ಬಗ್ಗಿಸತೊಡಗಿದಳು. ಕೊರೆದ ಎರಡಕ್ಷರ ನನ್ನ ಕಡೆಗೇ ತಿರುಗಿತ್ತು. ತಳ ನೋಡುವ ಸರದಿ ಈಗ ನನ್ನದು. ಲೋಟ ಅರ್ಧ ತುಂಬುತ್ತಲೇ, ಮೆಲ್ಲಗೆ, "ಸಾಕು" ಎಂದೆ.

ಅವಳ ಕೈ ತಟ್ಟನೆ ನಿಂತಿತು.

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದೆವು. ಅವಳ ಕಣ್ಣು ತುಂಬಿತ್ತು, ನನ್ನದೂ. ಆಮೇಲೆ ಅವಳು, "ಇನ್ನೊಂದೀಟ ಹಾಕ್ತೇನ್ರಿ ಆತ್ಯಾ" ಎಂದು ಮತ್ತೆ ಬಗ್ಗಿಸಿದಳು. ನಾನು ಲೋಟ ಸರಿಸಲಿಲ್ಲ.