ಒಂಬತ್ತನೇ ವಿಲ್ಲಾಕ್ಕೆ ಬಂದ ಕಳೆಂಜ

ಬೋಜನಿಗೆ ಸಿಟ್ಟೇ ಬರುವುದಿಲ್ಲ ಅಂತ ಊರಿಡೀ ಹೇಳಿಕೊಂಡು ತಿರುಗಿದವಳು ನಾನು. ಜೂನ್ ತಿಂಗಳ ಬಿಸಿಲಲ್ಲಿ ಟೆರೇಸಿನ ಮೇಲೆ ಕುಕ್ಕರಗಾಲಲ್ಲಿ ಕೂತು ಎಸಿ ಬಿಚ್ಚುವಾಗ, ಕೆಳಗಿನಿಂದ ನಾಲ್ಕು ಜನ "ಯಲ್ಲಾ, ಯಲ್ಲಾ" ಅಂತ ಅರಬಿಯಲ್ಲಿ ಅವಸರ ಮಾಡಿ ಅರಚಿದರೂ "ಆಯಿತು, ಈಗ ಆಗ್ತದೆ" ಅನ್ನುವ ಜನ ಅವನು. ಅಂಥವನಿಗೆ ಹೋದ ವರ್ಷ ಅಕ್ಟೋಬರ್ ಮೂವತ್ತೊಂದರ ಸಂಜೆ ಪಿತ್ತ ನೆತ್ತಿಗೇರಿತು. ಅದೂ ಎಂತಕ್ಕೆ? ಒಂದು ಖಾಲಿ ಚೀಲಕ್ಕೆ.

ನಾನು ಅಗಾತಾ. ಕಿನ್ನಿಗೋಳಿ ಕಡೆಯವಳು, ದೋಹಾದಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸ್. ನನ್ನ ಸೂಜಿಗಿಂತ ನನ್ನ ಬಾಯಿ ಚೂಪು ಅಂತ ನಮ್ಮವರು, ನನ್ನ ಗಂಡ, ಹೇಳುತ್ತಿದ್ದರು. ಅವರು ತೀರಿಹೋಗಿ ಆರು ವರ್ಷವಾಯಿತು, ಬಾಯಿ ಮಾತ್ರ ಹಾಗೇ ಉಂಟು. ಅಬು ಹಮೂರಿನ ಒಂದು ಕಾಂಪೌಂಡಿನಲ್ಲಿ ಒಂಬತ್ತನೇ ವಿಲ್ಲಾವನ್ನು ತುಂಡು ತುಂಡು ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಅದರ ಹಿಂದಿನ ಒಂದು ತುಂಡಿನಲ್ಲಿ ನಾನು, ಇನ್ನೊಂದರಲ್ಲಿ ಬೋಜನ ಸಂಸಾರ. ಬಾಗಿಲಿಗೆ ಬಾಗಿಲು ಎದುರು, ನಡುವೆ ನಾಲ್ಕು ಹೆಜ್ಜೆ ಅಂಗಳ.

ಬೋಜ ಬೆಳ್ತಂಗಡಿ ಕಡೆಯವನು. ಐಟಿಐ ಕಲಿತು ಇಲ್ಲಿಗೆ ಬಂದು ಹದಿನೇಳು ವರ್ಷ, ಅದರಲ್ಲಿ ಹದಿನಾಲ್ಕು ವರ್ಷ ಒಂದು ರೂಮಿನಲ್ಲಿ ಎಂಟು ಜನರ ಜೊತೆ ಮಲಗಿದವನು. ಸೂಪರ್‌ವೈಸರ್ ಆದ ಮೇಲೆಯೇ ಹೆಂಡತಿಯನ್ನೂ ಮಗಳು ಜ್ಯೋತ್ಸ್ನಾಳನ್ನೂ ಕರೆಸಿಕೊಳ್ಳಲಿಕ್ಕೆ ಆದದ್ದು. ಹೆಂಡತಿಗೆ ಸೂಪರ್‌ಮಾರ್ಕೆಟ್ಟಿನಲ್ಲಿ ಸಂಜೆಯ ಶಿಫ್ಟ್, ಹಾಗಾಗಿ ಎಂಟು ವರ್ಷದ ಜ್ಯೋತ್ಸ್ನಾ ಸಂಜೆ ಹೊತ್ತು ನನ್ನ ಪಾಲು. ಹುಡುಗಿ ಅರ್ಧ ಇಂಗ್ಲಿಷ್, ಕಾಲು ತುಳು, ಉಳಿದ ಕಾಲು ಕನ್ನಡ. ನಾವು ದೊಡ್ಡವರು ಮಾತಾಡುವುದು ತುಳುವಿನಲ್ಲೇ, ನಿಮಗೋಸ್ಕರ ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

ಅವನ ಒಂದು ಅಭ್ಯಾಸ ಮಾತ್ರ ನನಗೆ ಸರಿಬರುತ್ತಿರಲಿಲ್ಲ. ಒಮ್ಮೆ ಜುಲೈಯಲ್ಲಿ ನನ್ನ ಎಸಿ ಕೆಟ್ಟು, ನಾನು ಬೆವರಿ ಸಾಯುತ್ತೇನೆ ಅನ್ನುವಾಗ, ಡ್ಯೂಟಿ ಮುಗಿಸಿ ಬಂದ ಮನುಷ್ಯ ಊಟವನ್ನೂ ಮಾಡದೆ ಎರಡು ಗಂಟೆ ಕೂತು ಸರಿ ಮಾಡಿಕೊಟ್ಟ. ಆ ದೇವರಂಥವನಿಗೆ ಚಾ ಮಾಡಿ, "ಕೂತುಕೊಂಡು ಕುಡಿ ಮಾರಾಯ" ಅಂದರೆ, ಲೋಟ ತೆಗೆದುಕೊಂಡು ಸೀದಾ ಬಾಗಿಲ ಹೊರಗೆ ಹೋಗಿ ನಿಂತ.

"ಇಲ್ಲೇ ಸಾಕು ಬಾಯಮ್ಮ."

ಬಾಯಮ್ಮ ಅಂದರೆ ನಾನೇ, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು. ಕೆಲಸಕ್ಕಾದರೆ ಮಲಗುವ ಕೋಣೆವರೆಗೂ ಬರುತ್ತಾನೆ, ಚಾ ಕುಡಿಯಲು ಹೊಸ್ತಿಲು ದಾಟುವುದಿಲ್ಲ. ಮೂರು ವರ್ಷದಿಂದ ಇದೇ ಕತೆ. ಬೈದು ಬೈದು ನನಗೇ ಸಾಕಾಗಿತ್ತು.

ಇನ್ನು ಆ ದಿನದ ವಿಷಯ. ನಮ್ಮ ಕಾಂಪೌಂಡಿನಲ್ಲಿ ಹ್ಯಾಲೊವೀನ್ ಶುರುಮಾಡಿದ್ದು ಎರಡನೇ ವಿಲ್ಲಾದ ನಟಾಶಾ, ಗೋವಾದವಳು. ಗೇಟಿನ ಒಳಗೆ ಮಾತ್ರ, ಎಂಟು ಗಂಟೆಗೆ ಖಲಾಸ್. ಮಕ್ಕಳು ಭೂತ ಪ್ರೇತದ ವೇಷ ಹಾಕಿ ಮನೆಮನೆಗೆ ಹೋಗುವುದು, ಬಾಗಿಲು ತೆರೆದವರು ಚಾಕಲೇಟು ಹಾಕುವುದು. ಬರಬಹುದು ಅನ್ನುವವರು ಬಾಗಿಲಿಗೆ ಕಿತ್ತಳೆ ಬಣ್ಣದ ಕುಂಬಳಕಾಯಿಯ ಚಿತ್ರ ಅಂಟಿಸಬೇಕು. ಇಲ್ಲಿಯ ರಜೆ ಶುಕ್ರವಾರ, ಆ ದಿನ ತಪ್ಪದೆ ಚರ್ಚಿಗೆ ಹೋಗುವ ನನಗೆ ಈ ಭೂತಗಳ ಹಬ್ಬ ಹಿಡಿಸಿರಲಿಲ್ಲ. ಆದರೆ ಹಿಂದಿನ ಎರಡು ವರ್ಷವೂ ಜ್ಯೋತ್ಸ್ನಾ ನನ್ನ ಕಿಟಕಿಯ ಸರಳು ಹಿಡಿದು ಬೇರೆ ಮಕ್ಕಳು ಹೋಗುವುದನ್ನು ನೋಡುತ್ತಾ ನಿಂತಿದ್ದಳು. ಪಪ್ಪಾ ಬೇಡ ಅಂದಿದ್ದಾರಂತೆ, ಯಾಕೆ ಅಂತ ಹೇಳಿಲ್ಲವಂತೆ. ಈ ಸಲ ಸೈತಾನ ನನ್ನ ತಲೆಗೇ ಹೊಕ್ಕ ಅಂತ ಇಟ್ಟುಕೊಳ್ಳಿ.

ಎಸಿ ಪೈಪಿಗೆ ಸುತ್ತುವ ಬೆಳ್ಳಿ ಬಣ್ಣದ ಹಾಳೆಯ ಸುರುಳಿ ಅವನ ಮನೆಯ ಮೂಲೆಯಲ್ಲಿತ್ತು. ಅದನ್ನು ಹುಡುಗಿಯ ಕೈಗೆ, ಕಾಲಿಗೆ, ಹೊಟ್ಟೆಗೆ ಸುತ್ತಿ ರೋಬೋ ಮಾಡಿದೆ. ಎರಡೂ ಬಾಗಿಲಿಗೆ ಕುಂಬಳಕಾಯಿ ಅಂಟಿಸಿದೆವು. ಕೈಗೆ ಒಂದು ಬಟ್ಟೆಯ ಚೀಲ ಕೊಟ್ಟೆ. ಇನ್ನೇನು ಹೊರಡಬೇಕು, ಬೋಜ ಲುಸೈಲ್‌ನ ಸೈಟಿನಿಂದ ಒಂದು ಗಂಟೆ ಮೊದಲೇ ಬಂದುಬಿಟ್ಟ.

ಅವನು ವೇಷ ನೋಡಲೇ ಇಲ್ಲ, ಚೀಲ ನೋಡಿದ.

"ಕೆಳಗಿಡು ಅದನ್ನು! ನನ್ನ ಮಗಳು ಯಾರ ಬಾಗಿಲಲ್ಲೂ ಚೀಲ ಹಿಡಿದು ನಿಲ್ಲುವುದು ಬೇಡ. ಇಡು ಅಂದೆನಲ್ಲ!"

ಹಾಗೆ ಅರಚಿ ಚೀಲ ಕಸಿದು ಅಂಗಳಕ್ಕೆ ಎಸೆದ. ಮಗು ಬೆಚ್ಚಿಬಿದ್ದು ಅಳಲು ಶುರುಮಾಡಿತು. ಬೆಳ್ಳಿ ಹಾಳೆಯ ಚರಚರ ಸದ್ದು ಮಾಡಿಕೊಂಡು ಒಳಗೆ ಓಡಿತು.

ನಾನು ಸುಮ್ಮನಿರುವ ಜಾತಿಯೇ? "ಎಂತದು ಬೋಜ ನಿನ್ನ ರಂಪ? ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರ್ತದಾ? ಮಕ್ಕಳ ಆಟಕ್ಕೆ ಇಷ್ಟು ಪಿಸುರಾ? ಕಳಿಸುವುದು ನಾನು, ಬೈಯುವುದಾದರೆ ನನಗೆ ಬೈ!"

ಅವನು ತನ್ನ ಬಾಗಿಲ ಮೆಟ್ಟಿಲಲ್ಲಿ ಕುಸಿದು ಕೂತ. ನೆಲ ನೋಡಿಕೊಂಡೇ ಹೇಳಿದ.

"ನನ್ನ ಅಪ್ಪ ಆಟಿ ಕಳೆಂಜ ಕಟ್ಟುತ್ತಿದ್ದರು ಬಾಯಮ್ಮ. ಅಮ್ಮ ತೆಂಬರೆ ಬಾರಿಸುವುದು. ಚೀಲ ಹೊತ್ತು ಹಿಂದಿನಿಂದ ಹೋಗುವುದು ನಾನು."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಆಟಿ ಅಂದರೆ ತುಳುವರ ಆಷಾಢ. ಮಳೆ ಹಿಡಿದು ಬಿಡದೆ ಹೊಡೆಯುವ, ಜ್ವರ ಭೇದಿ ಹರಡುವ, ಡಬ್ಬದಲ್ಲಿ ಅಕ್ಕಿ ಮುಗಿಯುವ ತಿಂಗಳು. ಆಗ ಕಳೆಂಜ ಬರುತ್ತಾನೆ. ಸೊಂಟಕ್ಕೆ ತೆಂಗಿನ ಎಳೆಗರಿ, ಮುಖಕ್ಕೆ ಬಣ್ಣ, ಕೈಯಲ್ಲಿ ತಾಳೆಗರಿಯ ಕೊಡೆ, ಜೊತೆಗೆ ತೆಂಬರೆ ಅನ್ನುವ ಸಣ್ಣ ಡೋಲಿನ ಬಡಿತ. ಮನೆ ಮನೆಯ ಅಂಗಳದಲ್ಲಿ ಕುಣಿದು ಊರಿನ ಮಾರಿಯನ್ನು, ರೋಗವನ್ನು ಕಳೆಯುತ್ತಾನೆ. ಮನೆಯವರು ಗೆರಸೆ ಅನ್ನುವ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಶಿನ, ಮೆಣಸು, ಉಪ್ಪು, ಇದ್ದಲು ಇಟ್ಟು ಕೊಡುತ್ತಾರೆ. ಆದರೆ ಕಳೆಂಜ ಕಟ್ಟುವವರನ್ನು ಕೀಳು ಜಾತಿ ಅಂತ ಅಂಗಳದಲ್ಲೇ ನಿಲ್ಲಿಸುತ್ತಿದ್ದರು, ಹೊಸ್ತಿಲು ದಾಟಿಸುತ್ತಿರಲಿಲ್ಲ.

"ಐದನೇ ಕ್ಲಾಸಿನಲ್ಲಿದ್ದೆ," ಅಂದ ಬೋಜ. "ಒಂದು ಮನೆಯ ಅಂಗಳದಲ್ಲಿ ಅಪ್ಪ ಕುಣಿಯುತ್ತಿದ್ದಾರೆ, ಜಗಲಿಯಲ್ಲಿ ನನ್ನ ಬೆಂಚಿನ ಹುಡುಗ ಕೂತಿದ್ದಾನೆ. ಮರುದಿನ ಶಾಲೆಯಿಡೀ 'ಬೋಜ, ನಮ್ಮ ಮನೆಗೂ ಚೀಲ ತಾ' ಅಂತ ನಗೆ. ಹತ್ತನೇ ಮುಗಿಯುವವರೆಗೂ ನಾನು ಚೀಲ ಬೋಜ. ಒಮ್ಮೆ ಅಪ್ಪನಿಗೇ ಹೇಳಿಬಿಟ್ಟೆ, ಬೇಡುವುದು ಬಿಡಿ, ನನಗೆ ನಾಚಿಕೆಯಾಗುತ್ತದೆ ಅಂತ. ನಾನು ಇಲ್ಲಿಗೆ ಬಂದ ಎರಡನೇ ವರ್ಷ ಅವರು ತೀರಿಕೊಂಡರು. ಜ್ಯೋತ್ಸ್ನಾ ಕೇಳಿದರೆ ಅಜ್ಜ ಕೃಷಿಕರು ಅಂತ ಹೇಳಿದ್ದೇನೆ."

ಅವನು ಮೂರು ವರ್ಷ ಹೊಸ್ತಿಲ ಹೊರಗೆ ನಿಂತು ಕುಡಿದ ಚಾ ಎಲ್ಲ ನೆನಪಾಯಿತು. ಅಯ್ಯೋ ದೇವರೇ, ಬೈದೆನಲ್ಲ ಅಂತ ನನಗೇ ನನ್ನ ಮೇಲೆ ಸಿಟ್ಟು ಬಂತು.

ಅಷ್ಟರಲ್ಲಿ ಬಂದರು ನೋಡಿ ದಂಡು. ಐದಾರು ಭೂತಗಳು, ಒಬ್ಬಳು ಮಾಟಗಾತಿ, ಮುಂದೆ ಎಲುಬಿನ ಅಂಗಿ ಹಾಕಿದ ನಟಾಶಾಳ ಮಗ ಬ್ರ್ಯಾಂಡನ್. ಬೋಜನ ಬಾಗಿಲಲ್ಲಿ ಕುಂಬಳಕಾಯಿ ಇತ್ತಲ್ಲ! ಸೀದಾ ಅವನ ಎದುರೇ ಬಕೆಟ್ ಹಿಡಿದು ನಿಂತು, "ಟ್ರಿಕ್ ಆರ್ ಟ್ರೀಟ್!" ಅಂತ ಕೂಗಿದರು.

ಬೋಜ ದಡಬಡಿಸಿ ಎದ್ದ. ಮನೆ ಬಾಗಿಲಿಗೆ ವೇಷ ಬಂದಿದೆ, ಬರಿಗೈಯಲ್ಲಿ ಕಳಿಸುವುದು ಹೇಗೆ? ಒಳಗೆ ಓಡಿದ. ಡಬ್ಬದ ಮುಚ್ಚಳ ಬಿದ್ದ ಸದ್ದು ಕೇಳಿಸಿತು. ಹೊರಗೆ ಬಂದಾಗ ಎರಡೂ ಕೈಯಲ್ಲಿ ಸ್ಟೀಲಿನ ದೊಡ್ಡ ತಟ್ಟೆ. ತಟ್ಟೆಯ ತುಂಬ ಕುಚ್ಚಲಕ್ಕಿ, ಅದರ ಮೇಲೆ ಒಂದು ತೆಂಗಿನಕಾಯಿ, ಪಕ್ಕದಲ್ಲಿ ಅರಿಶಿನ, ನಾಲ್ಕು ಒಣಮೆಣಸು, ಒಂದು ಚಿಟಿಕೆ ಉಪ್ಪು. ಇದ್ದಲು ಮಾತ್ರ ಇರಲಿಲ್ಲ, ಗ್ಯಾಸ್ ಒಲೆಯ ಮನೆಯಲ್ಲಿ ಇದ್ದಲು ಎಲ್ಲಿಂದ ಬರಬೇಕು?

ಬ್ರ್ಯಾಂಡನ್ ತಟ್ಟೆ ನೋಡಿದ, ಬೋಜನ ಮುಖ ನೋಡಿದ. "ಅಂಕಲ್, ಇಸ್ ದಿಸ್ ಕ್ಯಾಂಡಿ?"

"ಯೆಸ್, ಯೆಸ್. ರೈಸ್. ಗುಡ್ ರೈಸ್," ಅಂದ ಬೋಜ, ಬೊಗಸೆಯಲ್ಲಿ ತೆಗೆದು ಒಂದೊಂದು ಬಕೆಟ್ಟಿಗೂ ಹಾಕತೊಡಗಿದ. ಚಾಕಲೇಟಿನ ಮೇಲೆ ಕೆಂಪಕ್ಕಿ ಬೀಳುವ ಸದ್ದು! ತೆಂಗಿನಕಾಯಿ ಮಾಟಗಾತಿಯ ಪಾಲಾಯಿತು. ಆ ಪುಟ್ಟದು ಅದನ್ನು ಎದೆಗವಚಿ ಹಿಡಿದುಕೊಂಡು ಕುಣಿಯಿತು. ನಾನು ನಕ್ಕು ನಕ್ಕು ಗೋಡೆ ಹಿಡಿದೆ. ಒಳಗೆ ಅಳುತ್ತಿದ್ದ ಜ್ಯೋತ್ಸ್ನಾಳೂ ಮೂಗು ಒರೆಸಿಕೊಂಡು ಬಾಗಿಲಿಗೆ ಬಂದು ಕಿಲಕಿಲ ನಗಲು ಶುರು.

"ಪಪ್ಪಾ, ರೈಸ್ ಯಾರು ಕೊಡ್ತಾರೆ?"

ಬೋಜ ಖಾಲಿ ತಟ್ಟೆ ಹಿಡಿದು ನಿಂತಿದ್ದ. "ನಮ್ಮಲ್ಲಿ ಕೊಡ್ತಾರೆ ಮಗಾ."

"ಯಾರಿಗೆ?"

ಅವನು ಗಂಟಲು ಸರಿಮಾಡಿಕೊಂಡ. ಈಗಲೂ 'ಕೃಷಿಕರು' ಅಂದರೆ ಇವನು ಜನ್ಮದಲ್ಲಿ ನಿಜ ಹೇಳುವುದಿಲ್ಲ ಅಂದುಕೊಂಡೆ.

"ನಿನ್ನ ಅಜ್ಜನಿಗೆ," ಅಂದ. "ಅಜ್ಜ ಕೂಡ ವೇಷ ಹಾಕಿ ಮನೆ ಮನೆಗೆ ಹೋಗ್ತಿದ್ದರು."

"ರಿಯಲಿ? ನನ್ನ ಅಜ್ಜ?" ಹುಡುಗಿಯ ಕಣ್ಣು ಇಷ್ಟಗಲ ಆಯಿತು. ನಾಚಿಕೆ ಅನ್ನುವುದರ ಒಂದು ಎಳೆಯೂ ಅದರಲ್ಲಿರಲಿಲ್ಲ. "ಅಜ್ಜ ವಾಸ್ ಸೋ ಕೂಲ್! ಪಪ್ಪಾ, ಮತ್ತೆ ಯಾಕೆ ನಂಗೆ ಹೇಳಲಿಲ್ಲ?"

ಬೋಜನಿಗಿಂತ ಮೊದಲು ನಾನು ಬಾಯಿ ಹಾಕಿದೆ. "ಬೋಜ, ಒಂದು ಮಾತು ಕೇಳು. ನಾನು ಆರು ವರ್ಷದವಳಿರುವಾಗ ಆಟಿಯಲ್ಲಿ ನನ್ನ ತಮ್ಮನಿಗೆ ವಾರವಿಡೀ ಜ್ವರ. ನನ್ನ ಅಜ್ಜಿ ದಿನಾ ತೇರ್ಸದ ಜಪಮಾಲೆ ಹೇಳುವವಳು, ಚರ್ಚಿನ ಒಂದು ಪೂಜೆ ತಪ್ಪಿಸದವಳು. ಆದರೂ ಗೆರಸೆ ತುಂಬಿಸಿಟ್ಟು, ಕಳೆಂಜ ಬಂದನಾ, ಬಂದನಾ ಅಂತ ಗೇಟಿಗೂ ಜಗಲಿಗೂ ಹತ್ತು ಸಲ ನಡೆದಳು. ಪಾದ್ರಿಗಳು ಬೈಯುತ್ತಾರೆ ಅಂತ ಗೊತ್ತು. ವರ್ಷವೂ ತಪ್ಪೊಪ್ಪಿಗೆಗೆ ಹೋಗಿ ಹೇಳುವುದು, ಮರುವರ್ಷ ಪುನಃ ಗೆರಸೆ ತುಂಬಿಸುವುದು. ಆ ದಿನ ಅವನು ಬಂದ, ಕುಣಿದ, ಹೋದ. ಜ್ವರ ಇಳಿದದ್ದು ಮಾತ್ರೆಯಿಂದ, ನಾನು ನರ್ಸ್, ನನಗೆ ಗೊತ್ತುಂಟು. ಆದರೆ ಅಜ್ಜಿಗೆ ಆ ರಾತ್ರಿ ನಿದ್ದೆ ಬಂದದ್ದು ಕಳೆಂಜನಿಂದ. ಬೇಡಲಿಕ್ಕೆ ಬಂದವನನ್ನು ಯಾರಾದರೂ ಹಾಗೆ ಕಾಯುತ್ತಾರಾ? ನಿನ್ನ ಅಪ್ಪ ಕೇಳಲಿಕ್ಕೆ ಬಂದದ್ದಲ್ಲ ಮಾರಾಯ, ನಮ್ಮ ಮಾರಿಯನ್ನು ಕೊಂಡುಹೋಗಲಿಕ್ಕೆ ಬಂದದ್ದು. ಕಳೆಂಜನಿಗೆ ನಮ್ಮಲ್ಲಿ ಒಬ್ಬರೂ ಉಪಕಾರವಾಯಿತು ಅಂತ ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಮನೆಗೆ ಬಂದವನು ಯಾರೋ ನನಗೆ ಗೊತ್ತಿಲ್ಲ, ಇವತ್ತು ನಿನಗೆ ಹೇಳುತ್ತೇನೆ. ದೇವ್ ಬರೆಂ ಕರುಂ. ದೇವರು ಒಳ್ಳೆಯದು ಮಾಡಲಿ."

ಬೋಜ ಮುಖ ಆಚೆ ತಿರುಗಿಸಿ ತಟ್ಟೆಯಲ್ಲಿ ಅಂಟಿದ್ದ ಅಕ್ಕಿಕಾಳು ಒಂದೊಂದಾಗಿ ಹೆಕ್ಕುತ್ತಿದ್ದ. ಆಮೇಲೆ ತಟ್ಟೆ ಒಳಗಿಟ್ಟು, ಅಂಗಳಕ್ಕೆ ಇಳಿದು, ತಾನೇ ಎಸೆದ ಚೀಲ ಎತ್ತಿ ಧೂಳು ಕೊಡವಿದ.

"ನಡಿ ಮಗಾ. ಎಂಟು ಗಂಟೆಯ ಒಳಗೆ ಮುಗಿಸಬೇಕಲ್ಲ. ನೀನು ಮುಂದೆ ನಡೆ, ಚೀಲ ನಾನು ಹಿಡೀತೇನೆ."

ಅವರು ಮೊದಲು ಬಂದದ್ದು ನನ್ನ ಬಾಗಿಲಿಗೆ. ನಾಲ್ಕು ಹೆಜ್ಜೆ. ನಾನು ಓಡಿ ಒಳಗೆ ಹೋಗಿ, ಬಾಗಿಲು ಹಾಕಿ, ಬೆಲ್ ಹೊಡೆದ ಮೇಲೆಯೇ ತೆರೆದೆ. ಕ್ರಮ ಅಂದರೆ ಕ್ರಮ. ಚೀಲಕ್ಕೆ ಎರಡು ಮುಷ್ಟಿ ಚಾಕಲೇಟು ಹಾಕಿ, ಹುಡುಗಿಯ ಬೆಳ್ಳಿಯ ತಲೆಯ ಮೇಲೆ ಕೈಯಿಟ್ಟೆ.

"ರೋಬೋ ಕಳೆಂಜ, ನನ್ನ ಮೊಣಕಾಲು ನೋವನ್ನೂ ಕೊಂಡುಹೋಗು, ಆಯಿತಾ?"

"ಓಕೆ ಆಂಟಿ," ಅಂತ ಅವಳು ಗಂಭೀರವಾಗಿ ನನ್ನ ಮೊಣಕಾಲು ಮುಟ್ಟಿ, ಏನೋ ಹಿಡಿದವಳ ಹಾಗೆ ಮುಷ್ಟಿ ಕಟ್ಟಿ ಚೀಲಕ್ಕೆ ಹಾಕಿದಳು. ಮೊಣಕಾಲು ಇವತ್ತಿಗೂ ನೋಯುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ನಮ್ಮವರು ಹೋದ ಮೇಲೆ ನನ್ನ ಮನೆಯ ಬೆಲ್ ಅನ್ನು ಒಂದು ಮಗು ಹೊಡೆದದ್ದು, ಚಾಕಲೇಟಿಗೆ ಕೈ ಚಾಚಿದ್ದು ಅದೇ ಮೊದಲು. ಆ ಸಂಜೆ ನನ್ನ ಮನೆಯಿಂದ ಏನೋ ಒಂದು ಭಾರ ಹೋದದ್ದು ನಿಜ.

ಎಂಟಕ್ಕೆ ವಾಪಸ್ ಬಂದರು. ಚೀಲ ಬೋಜನ ಹೆಗಲ ಮೇಲೆ. ನಾನು ಚಾ ಇಟ್ಟಿದ್ದೆ, ಕುರ್ಚಿ ಎಳೆದೂ ಇಟ್ಟಿದ್ದೆ, ಬಾ ಅಂತ ಮಾತ್ರ ಕರೆಯಲಿಲ್ಲ. ಅವನು ಹೊಸ್ತಿಲ ಬಳಿ ಒಂದು ಗಳಿಗೆ ನಿಂತ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ.

ಕೂತವನೇ ಊರಿಗೆ ವಿಡಿಯೊ ಕಾಲ್ ಮಾಡಿದ. ಅವನ ತಾಯಿ ಚೆನ್ನು, ಎಪ್ಪತ್ತೈದು ವರ್ಷದ ಮುದುಕಿ, ಒಂದು ಕಾಲದಲ್ಲಿ ತೆಂಬರೆ ಬಾರಿಸಿದವಳು. ಫೋನಿನಲ್ಲಿ ಬೆಳ್ಳಿ ಸುತ್ತಿಕೊಂಡ ಮೊಮ್ಮಗಳನ್ನು ನೋಡಿದಳು, ಪಕ್ಕದಲ್ಲಿ ತುಂಬಿದ ಚೀಲ ನೋಡಿದಳು. ಹ್ಯಾಲೊವೀನ್ ಅಂದರೆ ಏನು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ, ಅವಳು ಕೇಳಲೂ ಇಲ್ಲ.

"ಯಾರ ಮನೆಯ ಮಾರಿ ಕಳೆದು ಬಂದೆ ಮಗಾ?" ಅಂದಳು.

"ಅಗಾತಾ ಆಂಟಿದು, ಅಜ್ಜಿ," ಅಂದಳು ಜ್ಯೋತ್ಸ್ನಾ. "ಪಪ್ಪಾ ಚೀಲ ಹಿಡಿದ್ರು."

ಚೆನ್ನು ಮುಖವನ್ನು ಫೋನಿಗೆ ಹತ್ತಿರ ತಂದಳು. ಆಮೇಲೆ ಕೇಳಿದಳು, "ಹೌದಾ ಬೋಜ?"

"ಹೌದು ಅಮ್ಮ," ಅಂದ ಬೋಜ, ನನ್ನ ಮನೆಯ ಕುರ್ಚಿಯಲ್ಲಿ ಕೂತು, ಎಲ್ಲರೆದುರು ಅಳುತ್ತಾ. "ನಾನೇ ಹಿಡಿದೆ."