ದಿಡ್ಡಿಯಲ್ಲಿ ಕೂತವಳು

ಖಾಲಾನ ತುಟಿಯ ಮೂಲೆಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ ಇರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಮಾತಾಡುವಳು, ನಗುವಳು, ಓಣಿಯ ನಾಯಿಗಳನ್ನು ಬೈಯುವಳು. ಚಹಾ ಬಂದಾಗ ಮಾತ್ರ ತೆಗೆದು ಸೆರಗಿಗೆ ಚುಚ್ಚಿಕೊಳ್ಳುವಳು. “ಖಾಲಾ, ನುಂಗಿದರ ಏನ ಗತಿ?” ಅಂದರೆ, “ದವಾಖಾನಿಯಾಕಿ ನೀ ಇದ್ದೀಯಲ್ಲ, ತಗೀ” ಅನ್ನುವಳು.

ನಾನು ಚಿತ್ತಾಪುರಕ್ಕೆ ಸರಕಾರಿ ನರ್ಸಾಗಿ ಬಂದದ್ದು ಮೈಸೂರು ರಾಜ್ಯ ಇನ್ನೂ ಹೊಸದಾಗಿದ್ದ ಕಾಲದಲ್ಲಿ. ವಯಸ್ಸು ಇಪ್ಪತ್ತೆರಡು, ಊರು ವಿಜಾಪುರದ ಕಡೆ, ಬಾಯಿ ಮಾತ್ರ ಜೋರು. ಹಳೆ ಬಜಾರದ ಹಿಂದೆ, ಊರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಈ ಹೆಂಗಸಿನ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಖಾಲಾಗೆ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಬಜಾರದ ಹೆಂಗಸರಿಗೆಲ್ಲ ಕುಪ್ಪಸ ಹೊಲಿದು ಬದುಕುತ್ತಿದ್ದಳು.

ಬಸುರಿಯರನ್ನು ಹುಡುಕಿ ಮನೆಗೇ ಹೋಗಿ ನೋಡುವುದು ನನ್ನ ಕೆಲಸ. ಬಿಳಿ ಸೀರೆ ಉಟ್ಟು, ಕೈಯಲ್ಲಿ ಚೀಲ ಹಿಡಿದು, ಬಜಾರದ ನಟ್ಟನಡುವೆ ನಡೆದು ಒಂದೊಂದೇ ಬಾಗಿಲು ಬಡಿದೆ. “ಇಲ್ಲಿ ಹಂಗ ಯಾರೂ ಇಲ್ಲರಿ ಬಾಯಾರ, ಮುಂದ ಹೋಗ್ರಿ.” ಎಲ್ಲ ಮನೆಯಲ್ಲೂ ಇದೇ ಮಾತು. ಮೂರು ವಾರ ಹೀಗೇ ಆಯಿತು. ಇಷ್ಟು ದೊಡ್ಡ ಬಜಾರದಲ್ಲಿ ಒಬ್ಬಳೂ ಬಸುರಿ ಇಲ್ಲವೇ ಎಂದು ದೊಡ್ಡ ಡಾಕ್ಟರು ನಕ್ಕರು. ಆ ಸಂಜೆ ಅಳುತ್ತಲೇ ಟ್ರಂಕು ತುಂಬಿದೆ.

ಖಾಲಾ ಬಾಗಿಲಲ್ಲಿ ನಿಂತು ನೋಡಿದಳು. “ಹುಚ್ಚಿ! ನೀ ಬಿಳಿ ಸೀರಿ ಉಟಗೊಂಡು ಮುಂದಿನ ಬಾಗಲಿಗೆ ನಿಂತರ, ಆ ಮನ್ಯಾಗ ಬಸರಿ ಅದಾಳ ಅಂತ ಊರಿಗೆಲ್ಲ ಡಂಗುರ ಹೊಡದಂಗ. ಯಾರು ತಗೀತಾರ? ಅದು ಗಂಡಸರ ಬಜಾರ ಬೇಟಿ. ನಮ್ಮ ಬಜಾರ ಬ್ಯಾರೆ ಅದ. ನಾಳಿ ಬಣ್ಣದ ಸೀರಿ ಉಡು, ಚಪ್ಪಲಿ ಕೈಯಾಗ ಹಿಡಿ, ನನ್ನ ಹಿಂದ ಬಾ.”

ಮಾರನೆಯ ದಿನ ನಾನು ಆ ಬಜಾರವನ್ನು ಮೊದಲ ಸಲ ನೋಡಿದೆ. ಮುಂದೆ ಅಂಗಡಿ, ಹಿಂದೆ ಮನೆ, ಮನೆಯ ಹಿಂದೆ ಕಲ್ಲು ಹಾಸಿದ ಅಂಗಳ. ಒಂದು ಅಂಗಳಕ್ಕೂ ಪಕ್ಕದ ಅಂಗಳಕ್ಕೂ ನಡುವಿನ ಗೋಡೆಯಲ್ಲಿ ದಿಡ್ಡಿ, ಅಂದರೆ ತಲೆ ಬಗ್ಗಿಸಿ ದಾಟುವಷ್ಟು ಸಣ್ಣ ಬಾಗಿಲು. ಖಾಲಾ ಎರಡು ಸಲ ಕೆಮ್ಮುವಳು. ಒಳಗಿದ್ದ ಗಂಡಸರು ಆ ಕೆಮ್ಮು ಕೇಳಿ ತಾವಾಗಿಯೇ ಅಂಗಡಿಗೆ ಸರಿಯುವರು. ಹಿತ್ತಾಳೆ ಕೊಡಗಳ ಅಂಗಳ ದಾಟಿ, ಮೆಣಸಿನಕಾಯಿಯವರ ಅಂಗಳದಲ್ಲಿ ಇಬ್ಬರೂ ಸೀನಿ, ಕಣ್ಣೀರು ಒರೆಸಿಕೊಂಡು ಎಣ್ಣೆಯವರ ಅಂಗಳಕ್ಕೆ ಬಗ್ಗಿ ನುಗ್ಗುವೆವು. ಯಾವ ಮನೆಯಲ್ಲಿ ಎಲ್ಲಿವರೆಗೆ ಹೋಗಬೇಕು, ಯಾವ ಅಡಿಗೆಮನೆಯ ಹೊಸ್ತಿಲು ದಾಟಬಾರದು, ಎಲ್ಲ ಅವಳಿಗೆ ಬಾಯಿಪಾಠ. ರಸ್ತೆಗೆ ಒಂದು ಹೆಜ್ಜೆಯನ್ನೂ ಇಡದೆ ಬಜಾರದ ಈ ತುದಿಯಿಂದ ಆ ತುದಿ ಮುಟ್ಟಿದೆವು. ಅಷ್ಟರಲ್ಲಿ ಏಳು ಬಸುರಿಯರು ಸಿಕ್ಕಿದ್ದರು!

“ನಿನಗ ಹೆಂಗ ಗೊತ್ತಾತು ಖಾಲಾ?”

“ಕುಪ್ಪಸದ ಹೊಲಿಗಿ ಬಿಚ್ಚಿ ಸಡಲ ಮಾಡಿಕೊಡು ಅಂತ ಮೊದಲ ನನ್ನ ಹತ್ರಾನೆ ಬರ್ತಾರಲ್ಲ. ಗಂಡಗ ಆಮ್ಯಾಲೆ ಹೇಳ್ತಾರ.”

ಆ ಏಳು ಜನರಲ್ಲಿ ಒಬ್ಬಳು ಬಟ್ಟೆ ವ್ಯಾಪಾರದ ಮನೆಯ ಕಿರಿಯ ಸೊಸೆ. ಎರಡು ಸಲ ದಿನ ತುಂಬಿ ಹೆತ್ತಿದ್ದಳು, ಎರಡು ಸಲವೂ ಕೂಸು ಅತ್ತಿರಲಿಲ್ಲ. ಮೂರನೆಯದನ್ನು ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಟ್ಟುಕೊಂಡಿದ್ದಳು. ಅವಳ ಮನೆಗೆ ಎರಡೇ ದಾರಿ. ಒಂದು ಗಂಡನ ಅಂಗಡಿಯೊಳಗಿಂದ, ದಿನವಿಡೀ ಗಿರಾಕಿಗಳ ನಡುವೆ. ಇನ್ನೊಂದು ಭಾವನ ಅಂಗಳದ ದಿಡ್ಡಿ. “ಅಂಗಡ್ಯಾಗಿಂದ ಬಂದ್ರ ನಾ ಮೈ ಮುಟ್ಟಗೊಡಂಗಿಲ್ಲ” ಎಂದು ಕಣ್ಣು ತುಂಬಿಕೊಂಡು ಹೇಳಿದ್ದಳು.

ಅವಳಿಗೆ ಎಂಟು ತುಂಬಿದಾಗ ಅಣ್ಣತಮ್ಮಂದಿರಿಗೆ ಪಾಲಿನ ಜಗಳ ಹತ್ತಿತು. ಒಂದು ಬೆಳಿಗ್ಗೆ ನಾವು ಹೋಗಿ ನೋಡಿದರೆ ಅಣ್ಣ ಗೌಂಡಿಯನ್ನು ಕರೆಸಿ ದಿಡ್ಡಿ ಮುಚ್ಚಿಸುತ್ತಿದ್ದ. ಮೂರು ವರಸೆ ಕಲ್ಲು ಆಗಲೇ ಏರಿತ್ತು. ನನಗೆ ಪಿತ್ತ ನೆತ್ತಿಗೇರಿತು. ಸರಕಾರ, ಕಾಯಿದೆ, ಪೊಲೀಸು ಎಂದು ಬಾಯಿ ತೆರೆಯುವಷ್ಟರಲ್ಲಿ ಖಾಲಾ ನನ್ನ ಮಣಿಕಟ್ಟು ಹಿಡಿದಳು. ತನ್ನ ಬಟ್ಟೆಯ ಗಂಟನ್ನು ಆ ಹಸಿ ಕಲ್ಲಿನ ಮೇಲಿಟ್ಟು, ಅದರ ಮೇಲೆ ಕೂತು, ಸೂಜಿಗೆ ದಾರ ಪೋಣಿಸಿದಳು.

“ಏಳ್ರಿ ಖಾಲಾ, ಕೆಸರ ಒಣಗಲಿಕತ್ತದ” ಅಂದ ಗೌಂಡಿ.

“ಒಣಗಲಿ ಬಿಡು. ಹೊಲಿಗಿ ಮುಗೀಲಿ.”

ಅಣ್ಣ ಸಿಟ್ಟಿನಲ್ಲಿ ಮುಂದೆ ಬಂದ. “ಎಷ್ಟ ದಿನದ ಹೊಲಿಗಿ ಅದು?”

“ಈ ಮನಿ ಕೂಸಿಗೆ ಕುಂಚಗಿ ಹೊಲೀಲಿಕತ್ತೀನಿ ಸಾವಕಾರ. ಕೂಸು ಬಂದು ತೊಟ್ಟಗೊಂಡ ಮ್ಯಾಲೆ ಏಳ್ತೀನಿ.”

ಕುಂಚಗಿ ಅಂದರೆ ಕೂಸಿನ ತಲೆ ಬೆನ್ನು ಮುಚ್ಚುವ ಟೊಪ್ಪಿಗೆ. ಹುಟ್ಟದ ಕೂಸಿಗೆ ಬಟ್ಟೆ ಹೊಲಿದರೆ ಅದು ಉಳಿಯುವುದಿಲ್ಲ ಎಂದು ನಮ್ಮ ಕಡೆ ಯಾರೂ ಹೊಲಿಯುವುದಿಲ್ಲ, ಯಾವ ಜಾತಿಯವರೂ ಹೊಲಿಯುವುದಿಲ್ಲ. ಹಿರಿಯ ಸೊಸೆ ಓಡಿ ಬಂದು, “ಅಯ್ಯ, ಹಂಗ ಅನಬ್ಯಾಡ್ರಿ ಖಾಲಾ, ಒಳಗ ಆಕಿ ಕೇಳ್ತಾಳ” ಅಂದಳು.

ಖಾಲಾ ತುಟಿಯಿಂದ ಗುಂಡುಸೂಜಿ ತೆಗೆದಳು. “ಎರಡು ಸಲ ಯಾರೂ ಹೊಲೀಲಿಲ್ಲ ಯವ್ವಾ. ಏನು ಉಳೀತು?”

ಅಣ್ಣ ಪಂಚೆಯ ಚುಂಗು ಹಿಡಿದುಕೊಂಡು ಅಂಗಡಿಗೆ ನಡೆದ. ಗೌಂಡಿ ಕರಣಿ ತೊಳೆದುಕೊಂಡ.

ಆಮೇಲೆ ಅವಳು ದಿನವೂ ಅಲ್ಲೇ ಕೂತಳು. ಬೆಳಗಿನ ನಮಾಜು ಮುಗಿಸಿ ಬಂದರೆ ದೀಪ ಹಚ್ಚುವ ಹೊತ್ತಿಗೆ ಏಳುವಳು. ಹೆಂಗಸರು ಕುಪ್ಪಸದ ಅಳತೆ ಕೊಡಲಿಕ್ಕೂ ಅಲ್ಲಿಗೇ ಬರತೊಡಗಿದರು. ನಾನು ದಾಟುವಾಗ ಎದ್ದು ದಾರಿ ಬಿಡುವಳು, ಮತ್ತೆ ಕೂಡುವಳು. ಮೂರನೆಯ ದಿನಕ್ಕೆ ಅಣ್ಣನ ಮನೆಯಿಂದಲೇ ಅವಳಿಗೆ ಚಹಾ ಬಂತು!

ನೋವು ಶುರುವಾದದ್ದು ಒಂದು ಸಂತೆಯ ದಿನ ಮಧ್ಯಾಹ್ನ. ನಾನು ಬಜಾರದ ಆ ತುದಿಯಲ್ಲಿದ್ದೆ. ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಗಾಡಿ, ಎತ್ತು, ಜನ. ಖಾಲಾ ಒಂದು ಮಾತು ಕೂಗಿದಳಂತೆ. ಅಂಗಳದಿಂದ ಅಂಗಳಕ್ಕೆ ಹೆಂಗಸರು ಅದನ್ನು ದಾಟಿಸಿದರು, ನಾನು ಚೀಲ ಎದೆಗವಚಿಕೊಂಡು ಒಂಬತ್ತು ಮನೆಗಳೊಳಗಿಂದ ಓಡಿದೆ. ಕೂಸಿನ ಕೊರಳಿಗೆ ಹೊಕ್ಕಳ ಬಳ್ಳಿ ಎರಡು ಸುತ್ತು ಬಿಗಿದಿತ್ತು. ಬಿಡಿಸಿದೆ. ಮೈ ನೀಲಿ, ಉಸಿರಿಲ್ಲ. ಬಾಯಿ ಒರೆಸಿದೆ, ಬೆನ್ನು ತಿಕ್ಕಿದೆ, ನನ್ನ ಉಸಿರು ಊದಿದೆ. “ಮಾಡು ಬೇಟಿ, ಮಾಡು” ಎಂದು ಖಾಲಾ ಮೆಲ್ಲಗೆ ಅನ್ನುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ ಆ ಹೆಣ್ಣು ಕೂಸು ಅತ್ತಿತು. ಬಾಣಂತಿಗಿಂತ ಜೋರಾಗಿ ನಾನೇ ಅತ್ತೆ.

ಕೂಸಿಗೆ ಕುಂಚಗಿ ತೊಡಿಸಿ ಖಾಲಾ ಅಂಗಳಕ್ಕೆ ಬಂದಳು. “ಈಗ ಕಟ್ಟಸ್ರಿ ಸಾವಕಾರ, ನನ್ನ ಕೆಲಸ ಮುಗೀತು” ಅಂದಳು. ಆ ಮನುಷ್ಯ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ. ಕಟ್ಟಿಸಲಿಲ್ಲ. ಹಟಕ್ಕೆ ಕೆಡವಿಸಲೂ ಇಲ್ಲ. ಮೂರು ವರಸೆ ಕಲ್ಲು ಹಾಗೇ ಉಳಿಯಿತು. ಬಜಾರದ ಹೆಂಗಸರು ವರ್ಷಗಟ್ಟಲೆ ಸೀರೆ ಎತ್ತಿಕೊಂಡು, ಅವನನ್ನು ಬೈದುಕೊಂಡು ದಾಟಿದರು.

ನನಗೆ ಸೇಡಂಗೆ ವರ್ಗವಾಯಿತು, ಅಲ್ಲಿಂದ ಚಿಂಚೋಳಿಗೆ. ಖಾಲಾ ಹೋದ ಸುದ್ದಿ ತಡವಾಗಿ ಬಂತು. ನಾನು ತಲುಪುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಅವಳ ಅಂಗಳದಲ್ಲಿ ಆ ಅಣ್ಣ ಒಬ್ಬನೇ ಕೂತಿದ್ದ, ತಲೆ ಪೂರ ಬೆಳ್ಳಗಾಗಿತ್ತು.

“ನರ್ಸಬಾಯಾರ, ಅವತ್ತು ನಾ ರಟ್ಟಿ ಹಿಡದು ಎಬ್ಬಿಸಿದ್ದರ?” ಎಂದು ಕೇಳಿದ.

“ಎಬ್ಬಿಸಲಿಲ್ಲಲ್ರಿ” ಅಂದೆ. ಅವನು ಹೆಗಲ ಮೇಲಿನ ವಲ್ಲಿಯಿಂದ ಮುಖ ಮುಚ್ಚಿಕೊಂಡ.

ನಾನು ಎತ್ತಿಕೊಂಡ ಕೂಸುಗಳು ಎಷ್ಟೆಂದು ನನಗೇ ನೆನಪಿಲ್ಲ. ಅದೊಂದು ಕೂಸು ಅಳದೇ ಹೋಗಿದ್ದರೆ ಆವತ್ತೇ ರೈಲು ಹತ್ತಿ ಊರಿಗೆ ಹೋಗುತ್ತಿದ್ದೆ, ಮತ್ತೆಂದೂ ಯಾವ ಬಸುರಿಯ ಹೊಟ್ಟೆಯ ಮೇಲೂ ಕೈ ಇಡುತ್ತಿರಲಿಲ್ಲ. ನಾನು ಟ್ರಂಕು ತುಂಬಿದ್ದನ್ನು ಕಂಡಿದ್ದ ಖಾಲಾಗೆ ಅದು ಗೊತ್ತಿತ್ತು. ಅವಳು ಕಲ್ಲಿನ ಮೇಲೆ ಕೂತದ್ದು ಒಳಗಿದ್ದ ಆ ಬಸುರಿಗಾಗಿ ಎಂದೇ ಊರೆಲ್ಲ ತಿಳಿದಿದೆ. ನನಗಾಗಿಯೂ ಕೂತಿದ್ದಳು. ಬದುಕಿದ್ದಾಗ ಅದನ್ನು ಒಮ್ಮೆಯೂ ಬಾಯಿಬಿಟ್ಟು ಅನ್ನಲಿಲ್ಲ, ನಾನೂ ಕೇಳಲಿಲ್ಲ.