ಮೂರನೇ ಸಿಲಿಂಡರ್ ಮತ್ತು ಶಿಳ್‌ಫಾಟಾದ ಟ್ರಾಫಿಕ್

ಲಾಕ್‌ಡೌನ್ ಮುಗಿದ ಮರುವರ್ಷ ನಾನು ನವಿ ಮುಂಬೈಯ ಘಣಸೋಲಿಯಲ್ಲಿ ಒಂದು ವರ್ಕ್‌ಶಾಪಿನಲ್ಲಿ ಹಿರಿಯ ಮೆಕ್ಯಾನಿಕ್ ಆಗಿದ್ದೆ. ವಿಜಯಪುರದಿಂದ ಬಂದು ಹದಿನೆಂಟು ವರ್ಷ ಎಂಜಿನ್ ಕೆಲಸ ಮಾಡಿದವನೆಂಬ ಹೆಮ್ಮೆ ನನಗಿತ್ತು.

ಡೊಂಬಿವಲಿಯ ಶೆಟ್ಟರ ಕಾರು ಒಂದೇ ದೂರಿನೊಂದಿಗೆ ಎರಡು ಸಲ ಬಂದಿತ್ತು. ಅವರ ಪತ್ನಿ ವನಜಕ್ಕನಿಗೆ ವಾರಕ್ಕೆ ಮೂರು ದಿನ ನವಿ ಮುಂಬೈಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ದಾರಿಯಲ್ಲಿ ಕಾರು ನಡುಗುತ್ತಿತ್ತು, ಏರು ಹತ್ತುತ್ತಿರಲಿಲ್ಲ. ಸ್ಕ್ಯಾನರ್ ಹಾಕಿದರೆ ಮೂರನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಅಂದರೆ ಇಂಧನ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಎಂದು ತೋರಿಸುತ್ತಿತ್ತು. ನಾಲ್ಕರಲ್ಲಿ ಒಂದು ಸಿಲಿಂಡರ್ ಕೆಲಸ ಬಿಟ್ಟರೆ ಅದರ ಭಾರವೂ ಉಳಿದ ಮೂರರ ಮೇಲೆ ಬೀಳುತ್ತದೆ. ಆದರೆ ಒಳಗಿನ ಒತ್ತಡ, ಅಂದರೆ ಕಂಪ್ರೆಶನ್, ನಾಲ್ಕರಲ್ಲೂ ಸರಿಯಿತ್ತು. ಬೆಳಗಿನ ಖಾಲಿ ರಸ್ತೆಯಲ್ಲಿ ಓಡಿಸಿದರೆ ಕಾರಿಗೆ ಏನೂ ಆಗುತ್ತಿರಲಿಲ್ಲ. ಎರಡು ಸಲವೂ ‘ಓಕೆ’ ಎಂದು ಬರೆದುಕೊಟ್ಟೆ.

ಮೂರನೇ ಸಲ ಸೂಪರ್‌ವೈಸರ್ ಎಂಜಿನ್ ಹೆಡ್ ಬಿಚ್ಚೋಣ ಎಂದರು. ಒಂದು ದಿನ ಅವಕಾಶ ಕೇಳಿಕೊಂಡು ನಾನೇ ಡೊಂಬಿವಲಿಗೆ ಹೋದೆ. ಆಸ್ಪತ್ರೆಗೆ ಹೊರಟ ದಂಪತಿಯನ್ನು ಕೂರಿಸಿಕೊಂಡು ಕಾರು ಓಡಿಸಿದೆ.

ದಾರಿಯ ಶಿಳ್‌ಫಾಟಾ ಜಂಕ್ಷನ್ನಿನಲ್ಲಿ ಟ್ರಾಫಿಕ್ ಪೂರ್ತಿ ನಿಂತುಹೋಗಿತ್ತು. ಮುಂದೆ ಕಂಟೇನರ್, ಎರಡೂ ಬದಿಗೆ ಟ್ರಕ್ಕು. ಬಾಗಿಲು ಪೂರ್ತಿ ತೆರೆಯಲೂ ಜಾಗವಿಲ್ಲ. ಮುಕ್ಕಾಲು ಗಂಟೆಯಲ್ಲಿ ಇನ್ನೂರು ಮೀಟರ್ ಸಹ ಸರಿಯಲಿಲ್ಲ. ಹಿಂದಿನ ಸೀಟಿನಲ್ಲಿ ವನಜಕ್ಕ ಊದಿದ ಕಾಲುಗಳನ್ನು ಮೇಲಿಟ್ಟು ಕಣ್ಣು ಮುಚ್ಚಿದ್ದರು. ಎಂಜಿನ್ ಕಾದಂತೆ ಸ್ಟಿಯರಿಂಗ್ ನನ್ನ ಕೈಯಲ್ಲಿ ನಡುಗತೊಡಗಿತು.

ಹೇಗೋ ನುಸುಳಿ ಇಳಿದು ಬಾನೆಟ್ ಎತ್ತಿದೆ. ಪ್ಲಗ್‌ಗೆ ಕಿಡಿ ಕೊಡುವುದು ಅದರ ಮೇಲೆ ಕೂರುವ ಕಾಯಿಲ್. ಮೂರನೇ ಕಾಯಿಲ್‌ನ ವೈರ್ ಜೋಡಿಸುವ ಕನೆಕ್ಟರನ್ನು ಬೆರಳಿನಿಂದ ಒತ್ತಿದೆ, ನಡುಕ ನಿಂತಿತು. ಬಿಟ್ಟೆ, ಮತ್ತೆ ಶುರುವಾಯಿತು. ಕನೆಕ್ಟರಿನ ಲಾಕ್ ಮುರಿದಿತ್ತು, ಎಂಜಿನ್ ಕಾದಾಗ ಅದು ಸಡಿಲವಾಗುತ್ತಿತ್ತು.

ಅದನ್ನು ಮುರಿದವನು ನಾನೇ. ಮೂರು ತಿಂಗಳ ಹಿಂದೆ ಪ್ಲಗ್ ಬದಲಿಸುವಾಗ ಸ್ಕ್ರೂಡ್ರೈವರ್ ಜಾರಿತ್ತು. ಒತ್ತಿದಾಗ ಕನೆಕ್ಟರ್ ಕೂತಿತು, ಯಾರಿಗೂ ಹೇಳಲಿಲ್ಲ. ಕಾರು ತಿರುಗಿ ಬಂದಾಗ ಅದು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ಸಲವೂ ಅದನ್ನೇ ಇನ್ನೊಮ್ಮೆ ಒತ್ತಿ ನೋಡಿ, ಗಟ್ಟಿಯಾಗಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬದಲಿಸಿದರೆ ಜಾಬ್ ಕಾರ್ಡಿನಲ್ಲಿ ಕಾರಣ ಬರೆಯಬೇಕಿತ್ತು.

ಕನೆಕ್ಟರನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಒಳಗೆ ಬಂದೆ. ಶೆಟ್ಟರ ಮುಖ ಅರಳಿತ್ತು.

“ಅಂತೂ ಸಿಕ್ಕಿತಲ್ಲ ಮಾರಾಯ. ಎಂತ ಆಗಿತ್ತು?”

ವೈರ್ ಸಡಿಲಾಗಿತ್ತು ಎಂದರೆ ಸಾಕಿತ್ತು. ಆದರೆ ಆಸ್ಪತ್ರೆಗೆ ಇನ್ನೂ ಒಂದು ಗಂಟೆಯ ದಾರಿ. ಅಷ್ಟು ಹೊತ್ತು ಅವರ ಪಕ್ಕದಲ್ಲೇ ಕೂತಿರಬೇಕಿತ್ತು.

“ಕನೆಕ್ಟರ್ ಲಾಕ್ ಮುರದಿತ್ರಿ ಶೆಟ್ರ. ಮುರದಾಂವ ನಾನ. ಗೊತ್ತಿದ್ದೂ ಸುಮ್ಮನಿದ್ದೆ.”

ಶೆಟ್ಟರು ಕಿಟಕಿಯತ್ತ ತಿರುಗಿದರು. ಮಾತನಾಡಿದ್ದು ವನಜಕ್ಕ, ಕಣ್ಣು ತೆರೆಯದೆ.

“ಹೋದ ತಿಂಗಳು ಕಾರು ನಿಂತು ನನ್ನ ಒಂದು ಡಯಾಲಿಸಿಸ್ ತಪ್ಪಿತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಎರಡು ದಿನ ಕೂತೇ ಇದ್ದೆ. ನಿಮಗೆ ಗೊತ್ತಿತ್ತಾ?”

ನಾನು ಗೇರ್ ಹಾಕಿದೆ. ಟ್ರಕ್ಕುಗಳು ಸರಿಯಲಿಲ್ಲ.

ಅಂದು ಡಯಾಲಿಸಿಸ್ ತಡವಾಗಿಯಾದರೂ ನಡೆಯಿತು. ಸಂಜೆ ಹೊಸ ಕನೆಕ್ಟರ್ ಹಾಕಿ, ಕಾರ್ಡಿನಲ್ಲಿ ನಡೆದದ್ದನ್ನು ಇದ್ದಂತೆ ಬರೆದೆ. ಆರು ತಿಂಗಳು ನನಗೆ ಎಂಜಿನ್ ಕೆಲಸ ಕೊಡಲಿಲ್ಲ, ಆಯಿಲ್ ಬದಲಿಸುತ್ತಿದ್ದೆ. ಶೆಟ್ಟರು ಮತ್ತೆ ನಮ್ಮಲ್ಲಿಗೆ ಬರಲಿಲ್ಲ.

ಈಗ ಅಂಬರನಾಥದಲ್ಲಿ ನನ್ನದೇ ಗ್ಯಾರೇಜ್ ಇದೆ. ಒಂದೇ ದೂರಿಗೆ ಗಾಡಿ ಎರಡನೇ ಸಲ ಬಂದರೆ ಸ್ಕ್ಯಾನರ್ ಹಚ್ಚುವ ಮೊದಲು ಹಳೆಯ ಕಾರ್ಡ್ ತೆಗೆಸುತ್ತೇನೆ. ಕೊನೆಯ ಸಲ ಯಾರ ಕೈ ಎಲ್ಲಿ ತಾಗಿತ್ತೋ ಅಲ್ಲಿಂದ ಹುಡುಕಬೇಕು. ಆ ಕೈ ನನ್ನದೇ ಆಗಿದ್ದರೆ, ಗಿರಾಕಿಯನ್ನು ಕರೆದು ಮೊದಲು ಅದನ್ನೇ ಹೇಳುತ್ತೇನೆ.